ಮಿದುಳಿಗೆ ಲಾಡಿಹುಳು ಹೇಗೆ ಬರುತ್ತದೆ? ಹಂದಿಗೂ ಎಲೆಕೋಸಿಗೂ ಇದರಲ್ಲಿ ಎಷ್ಟು ಪಾಲು?

ವಾಟ್ಸಾಪಿನಲ್ಲಿ ಒಂದು ವಿಡಿಯೋ ಆಗಾಗ ಸುತ್ತು ಹೊಡೆಯುತ್ತದೆ. ಯಾರೋ ಎಲೆಕೋಸಿನ ಪದರಗಳನ್ನು ಬಿಡಿಸುತ್ತಾರೆ. ಒಳಗೊಂದು ಹುಳ ಕಾಣುತ್ತದೆ. ಹಿಂದಿನಿಂದ ಗಾಬರಿಯ ದನಿ: "ಇದು ನೇರ ತಲೆಗೆ ಹೋಗುತ್ತೆ, ಬೇಯಿಸಿದರೂ ಸಾಯಲ್ಲ." ನಮ್ಮ ಮನೆಯ ಗ್ರೂಪಿಗೂ ಅದು ಬಂತು. ಎರಡು ವಾರ ಯಾರೂ ಕೋಸಿನ ಪಲ್ಯ ಮಾಡಲಿಲ್ಲ.

ಅದೇ ಹೊತ್ತಿಗೆ ಪರಿಚಯದವರ ಮನೆಯ ಹುಡುಗನಿಗೆ ಶಾಲೆಯಲ್ಲಿ ಫಿಟ್ಸ್ ಬಂತು. ಹನ್ನೆರಡು ವರ್ಷ. ಅದಕ್ಕೆ ಮುಂಚೆ ಜ್ವರವಿಲ್ಲ, ಪೆಟ್ಟಿಲ್ಲ. ಸ್ಕ್ಯಾನ್ ಮಾಡಿಸಿದರು. ಮಿದುಳಿನ ಚಿತ್ರದಲ್ಲಿ ಒಂದು ಕಡೆ ಪುಟ್ಟ ಬಿಳಿ ಉಂಗುರ, ಅದರೊಳಗೆ ಸಾಸಿವೆಯಷ್ಟು ಚುಕ್ಕೆ. "ಇದು ಹಂದಿಯ ಲಾಡಿಹುಳುವಿನ ಮರಿ" ಅಂದರು ಡಾಕ್ಟರು. ಹುಡುಗನ ತಂದೆ ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ: "ನಾವು ಮೊಟ್ಟೆ ಕೂಡ ತಿನ್ನೋರಲ್ಲ ಡಾಕ್ಟ್ರೇ. ಹಂದಿ ಹುಳ ನಮ್ಮನೆಗೆ ಎಲ್ಲಿಂದ ಬಂತು?"

ನ್ಯಾಯವಾದ ಪ್ರಶ್ನೆ. ಉತ್ತರ ಗೊತ್ತಾದರೆ ಎಲೆಕೋಸಿನ ಭಯವೂ ಹೋಗುತ್ತದೆ, ನಿಜವಾಗಿ ಯಾವುದಕ್ಕೆ ಹೆದರಬೇಕು ಅನ್ನುವುದೂ ತಿಳಿಯುತ್ತದೆ.

ಲಾಡಿಯಂಥ ಹುಳು

ಪೈಜಾಮಕ್ಕೋ ಲಂಗಕ್ಕೋ ಹಾಕುವ ಲಾಡಿ ನೋಡಿದ್ದೀರಲ್ಲ, ಚಪ್ಪಟೆ, ಬಿಳಿ, ಉದ್ದ. ಈ ಹುಳುವೂ ಹಾಗೇ ಇರುತ್ತದೆ, ಅದಕ್ಕೇ ಆ ಹೆಸರು. ಲಾಡಿಹುಳುಗಳಲ್ಲಿ ಬಹಳ ಬಗೆಗಳಿವೆ. ನಾವು ಮಾತಾಡುತ್ತಿರುವುದು ಹಂದಿಯ ಲಾಡಿಹುಳು. ವಿಜ್ಞಾನಿಗಳು ಇಟ್ಟ ಹೆಸರು ಟೀನಿಯಾ ಸೋಲಿಯಂ.

ಹೆಸರಿನಲ್ಲಿ ಹಂದಿ ಇದ್ದರೂ ಪೂರ್ತಿ ಬೆಳೆದ ಲಾಡಿ ಹಂದಿಯ ಹೊಟ್ಟೆಯಲ್ಲಿ ಇರುವುದಿಲ್ಲ. ಅದು ಇರುವುದು ಮನುಷ್ಯನ ಸಣ್ಣ ಕರುಳಿನಲ್ಲಿ ಮಾತ್ರ. ಅಲ್ಲಿ 2ರಿಂದ 7 ಮೀಟರ್ ಉದ್ದ ಬೆಳೆಯಬಲ್ಲದು. ತಲೆ ಗುಂಡುಸೂಜಿಯ ತಲೆಯಷ್ಟು. ಅದರಲ್ಲಿ ಹೀರಿ ಹಿಡಿಯುವ ನಾಲ್ಕು ಬಟ್ಟಲುಗಳು, ಮೇಲೆ ಎರಡು ಸುತ್ತು ಕೊಕ್ಕೆಗಳು. ಇವುಗಳಿಂದ ಕರುಳಿನ ಗೋಡೆಗೆ ಕಚ್ಚಿಕೊಂಡು, ನಾವು ತಿಂದು ಜೀರ್ಣವಾದದ್ದನ್ನು ಮೈಯಿಂದಲೇ ಹೀರುತ್ತಾ ವರ್ಷಗಟ್ಟಲೆ ಬದುಕುತ್ತದೆ. ಅದಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ.

ಲಾಡಿಯ ಮೈ ನೂರಾರು ತುಂಡುಗಳ ಸರಪಳಿ. ಬಾಲದ ಕಡೆಯ ತುಂಡುಗಳು ಬಲಿತ ಮೇಲೆ ಕಳಚಿ ಮಲದ ಜೊತೆ ಹೊರಬರುತ್ತವೆ. ನೋಡಲು ನೆನೆದ ದಪ್ಪ ಅವಲಕ್ಕಿಯ ಹಾಗೆ, ಒಂದು ಸೆಂಟಿಮೀಟರಿನಷ್ಟು ಉದ್ದ. ಒಂದೊಂದು ತುಂಡಿನಲ್ಲೂ ಸುಮಾರು 50 ಸಾವಿರದವರೆಗೆ ಮೊಟ್ಟೆ ಇರಬಹುದು. ಮೊಟ್ಟೆ ಎಷ್ಟು ಸಣ್ಣದೆಂದರೆ, ಮೂವತ್ತನ್ನು ಸಾಲಾಗಿ ಜೋಡಿಸಿದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಾಕುವುದಿಲ್ಲ. ತಂಪು, ತೇವ ಇದ್ದರೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಇಷ್ಟೆಲ್ಲ ಒಳಗಿದ್ದರೂ ಎಷ್ಟೋ ಜನರಿಗೆ ಏನೂ ಅನ್ನಿಸುವುದಿಲ್ಲ. ಸ್ವಲ್ಪ ಹೊಟ್ಟೆನೋವು, ಹೊಟ್ಟೆ ತೊಳಸಿದ ಹಾಗೆ, ಅಷ್ಟೇ. ಅದೇ ತೊಂದರೆ. ತನಗೆ ಹುಳು ಇದೆ ಅಂತ ಗೊತ್ತಿಲ್ಲದವರು ಅದನ್ನು ಹಂಚುತ್ತಾ ಹೋಗುತ್ತಾರೆ.

ಮೂರು ರೂಪ, ಎರಡು ದಾರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಈ ಹುಳುವಿಗೆ ಮೂರು ರೂಪ: ಮೊಟ್ಟೆ, ಚೀಲ, ಲಾಡಿ. ಮೊಟ್ಟೆ ಮತ್ತು ಲಾಡಿ ಏನೆಂದು ಹೇಳಿಯಾಯಿತು. ಚೀಲ ಅಂದರೆ ಮರಿಯ ಅವಸ್ಥೆ. ಪಾಯಸಕ್ಕೆ ನೆನೆಸಿಟ್ಟ ಸಬ್ಬಕ್ಕಿ ಕಾಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುತ್ತ ತಿಳಿಯಾಗಿ, ನಡುವೆ ಬಿಳಿ ಚುಕ್ಕೆ. ಚೀಲವೂ ಹಾಗೇ ಕಾಣುತ್ತದೆ, ಕೆಲವೊಮ್ಮೆ ಬಟಾಣಿಯಷ್ಟು ದೊಡ್ಡದಿರುತ್ತದೆ. ತಿಳಿಯಾಗಿರುವುದು ನೀರು. ಬಿಳಿ ಚುಕ್ಕೆ ಮುಂದೆ ಲಾಡಿಯಾಗಲಿರುವ ಹುಳುವಿನ ತಲೆ, ಒಳಮುಖವಾಗಿ ಮಡಚಿಕೊಂಡು ಕಾಯುತ್ತಿರುತ್ತದೆ.

ಲಾಡಿ ಇರುವ ಮನುಷ್ಯ ಬಯಲಕಡೆಗೆ ಹೋಗುತ್ತಾನೆ. ಹಂದಿ ಆ ಮಲವನ್ನು ತಿನ್ನುತ್ತದೆ. ಮೊಟ್ಟೆ ಹಂದಿಯ ಹೊಟ್ಟೆಗೆ ಇಳಿದು ಒಡೆಯುತ್ತದೆ. ಒಳಗಿನ ಮರಿ ಕರುಳಿನ ಗೋಡೆ ಕೊರೆದು ರಕ್ತ ಸೇರುತ್ತದೆ. ರಕ್ತ ಎಲ್ಲಿಗೆ ಹರಿಯುತ್ತದೋ ಅಲ್ಲಿಗೆಲ್ಲ ಹೋಗುತ್ತದೆ: ತೊಡೆ, ಭುಜ, ನಾಲಿಗೆ, ಹೃದಯ, ಮಿದುಳು. ಎರಡು ಎರಡೂವರೆ ತಿಂಗಳಲ್ಲಿ ಅಲ್ಲೆಲ್ಲ ಸಬ್ಬಕ್ಕಿಯಂಥ ಚೀಲಗಳಾಗುತ್ತವೆ. ಆ ಹಂದಿಯ ಮಾಂಸವನ್ನು ಅರೆಬೆಂದಿದ್ದಾಗ ಮನುಷ್ಯ ತಿಂದರೆ ಚೀಲ ಅವನ ಕರುಳಿನಲ್ಲಿ ಬಿಚ್ಚಿಕೊಂಡು ಲಾಡಿಯಾಗುತ್ತದೆ. ಸುತ್ತು ಪೂರ್ತಿಯಾಯಿತು.

ಇದನ್ನು ಮೊದಲು ತೋರಿಸಿದ್ದು ಜರ್ಮನಿಯ ವೈದ್ಯ ಫ್ರೀಡ್ರಿಖ್ ಕ್ಯುಖೆನ್‌ಮೈಸ್ಟರ್, 1855ರಲ್ಲಿ. ಮರಣದಂಡನೆ ಆಗಲಿದ್ದ ಒಬ್ಬ ಕೈದಿಗೆ ಹಂದಿಮಾಂಸದ ಚೀಲಗಳನ್ನು ಊಟದಲ್ಲಿ ಬೆರೆಸಿ ಕೊಟ್ಟ. ಆಮೇಲೆ ಶವ ಕೊಯ್ದಾಗ ಕರುಳಿಗೆ ಅಂಟಿದ ಎಳೆಯ ಲಾಡಿಗಳು ಸಿಕ್ಕವು. ಕೈದಿಗೆ ಏನೂ ಹೇಳದೆ ಮಾಡಿದ ಈ ಕೆಲಸವನ್ನು ಓದಿದಾಗ ನನಗೆ ಈಗಲೂ ಸಂಕಟವಾಗುತ್ತದೆ. ಚೀಲ ಮತ್ತು ಲಾಡಿ ಒಂದೇ ಹುಳುವಿನ ಎರಡು ವಯಸ್ಸು ಅನ್ನುವುದು ಜಗತ್ತಿಗೆ ಗೊತ್ತಾದದ್ದು ಮಾತ್ರ ಹೀಗೆ.

ಇಲ್ಲಿಯವರೆಗೆ ಮಿದುಳಿನ ಮಾತೇ ಬರಲಿಲ್ಲ, ಗಮನಿಸಿದಿರಾ? ಹಂದಿಮಾಂಸದ ಚೀಲ ತಿಂದವರಿಗೆ ಬರುವುದು ಕರುಳಿನ ಲಾಡಿ. ಮಿದುಳಿನ ಕಾಯಿಲೆಗೆ ದಾರಿಯೇ ಬೇರೆ. ಮನುಷ್ಯ ಚೀಲದ ಬದಲು ಮೊಟ್ಟೆಯನ್ನು ನುಂಗಿದರೆ, ಹಂದಿಯ ಮೈಯಲ್ಲಿ ಏನಾಯಿತೋ ಅದೇ ನಮ್ಮ ಮೈಯಲ್ಲೂ ಆಗುತ್ತದೆ. ಮೊಟ್ಟೆಗೆ ನಾವೂ ಒಂದೇ, ಹಂದಿಯೂ ಒಂದೇ. ಮರಿ ಕರುಳು ಕೊರೆದು, ರಕ್ತದಲ್ಲಿ ಸಾಗಿ, ಮಾಂಸಖಂಡದಲ್ಲೋ ಕಣ್ಣಿನಲ್ಲೋ ಮಿದುಳಿನಲ್ಲೋ ಚೀಲವಾಗುತ್ತದೆ. ಮಿದುಳಿನಲ್ಲಿ ಆದರೆ ವೈದ್ಯರು ಅದನ್ನು ನ್ಯೂರೋಸಿಸ್ಟಿಸರ್ಕೋಸಿಸ್ ಅನ್ನುತ್ತಾರೆ.

ಆ ಮೊಟ್ಟೆ ಬರುವುದು ಹಂದಿಯಿಂದಲ್ಲ. ಲಾಡಿ ಇರುವ ಇನ್ನೊಬ್ಬ ಮನುಷ್ಯನ ಮಲದಿಂದ. ಕೆಲವೊಮ್ಮೆ ತನ್ನದೇ ಮಲದಿಂದ, ಕೈ ತೊಳೆಯದೆ ಉಂಡಾಗ.

ಸಸ್ಯಾಹಾರಿ ಮನೆಗೆ ಬಂದದ್ದು ಹೇಗೆ

1990 ಮತ್ತು 1991ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಾಲ್ಕು ಜನರಿಗೆ ಫಿಟ್ಸ್ ಬಂತು. ನಾಲ್ವರ ಮಿದುಳಿನಲ್ಲೂ ಇದೇ ಚೀಲ. ನಾಲ್ವರೂ ಮಡಿವಂತ ಯಹೂದಿಗಳು. ಅವರ ಧರ್ಮದಲ್ಲಿ ಹಂದಿಮಾಂಸ ನಿಷಿದ್ಧ, ಮುಟ್ಟುವುದೂ ಇಲ್ಲ. ಆರೋಗ್ಯ ಇಲಾಖೆಯವರು ತಲೆ ಕೆಡಿಸಿಕೊಂಡು ಹುಡುಕಿದರು. ಆ ಮನೆಗಳಲ್ಲಿ ಅಡುಗೆಗೆ, ಮನೆಗೆಲಸಕ್ಕೆ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದ ಹೆಂಗಸರಿದ್ದರು. ಅಂಥ ಒಬ್ಬರಲ್ಲಿ ಲಾಡಿಹುಳು ಪತ್ತೆಯಾಯಿತು. ಅವರಿಗೂ ಅದು ಗೊತ್ತಿರಲಿಲ್ಲ, ಅವರ ತಪ್ಪೂ ಇರಲಿಲ್ಲ.

ಆ ಹುಡುಗನ ತಂದೆಗೆ ಡಾಕ್ಟರು ಕೊಟ್ಟ ಉತ್ತರವೂ ಇದೇ. ಅಡುಗೆಯವರು, ಹೋಟೆಲಿನವರು, ಹಾಸ್ಟೆಲಿನವರು, ಮನೆಯದೇ ಒಬ್ಬರು, ಯಾರಲ್ಲಾದರೂ ಲಾಡಿ ಇದ್ದು, ಶೌಚಕ್ಕೆ ಹೋಗಿ ಬಂದು ಸೋಪು ಹಾಕದೆ ಕೈ ಆಡಿಸಿದರೆ ಸಾಕು. ಅಥವಾ ಕೊಳಚೆ ನೀರು ಹಾಯಿಸಿದ ಸೊಪ್ಪನ್ನು ಹಸಿಯಾಗಿ ತಿಂದರೂ ಸಾಕು. ಇದರಲ್ಲಿ ಊಟದ ಜಾತಿ ನಡೆಯುವುದಿಲ್ಲ.

ಹಾಗಾಗಿಯೇ ಮನೆಯಲ್ಲಿ ಒಬ್ಬರಿಗೆ ಮಿದುಳಿನ ಚೀಲ ಸಿಕ್ಕರೆ, ಜೊತೆಯಲ್ಲಿರುವವರೆಲ್ಲ ಮಲ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೊಟ್ಟೆ ದಿನಾ ಬೀಳುವುದಿಲ್ಲ, ಆದ್ದರಿಂದ ಬೇರೆ ಬೇರೆ ದಿನ ಎರಡು ಮೂರು ಸಲ ಕೊಡಬೇಕು. ಲಾಡಿ ಸಿಕ್ಕಿದರೆ ವೈದ್ಯರು ಕೊಡುವ ಒಂದು ಹೊತ್ತಿನ ಮಾತ್ರೆಯಲ್ಲೇ ಸಾಮಾನ್ಯವಾಗಿ ಹೋಗುತ್ತದೆ. ಮಲದಲ್ಲಿ ಅವಲಕ್ಕಿಯಂಥ ಬಿಳಿ ತುಂಡು ಕಂಡವರು ನಾಚಿಕೆಪಟ್ಟು ಸುಮ್ನೆ ಇರಬಾರದು.

ಹಾಗಾದರೆ ಎಲೆಕೋಸು?

ಕೋಸಿನೊಳಗೆ ಕಾಣುವ ಹಸಿರು ಹುಳ ಒಂದು ಪತಂಗದ ಮರಿ. ಎಲೆ ತಿಂದು, ರೆಕ್ಕೆ ಬಂದ ಮೇಲೆ ಹಾರಿಹೋಗುವ ಜೀವ. ಅದಕ್ಕೂ ಲಾಡಿಹುಳುವಿಗೂ ಸಂಬಂಧವೇ ಇಲ್ಲ. ಅದನ್ನು ಅಕಸ್ಮಾತ್ ತಿಂದರೂ ಅದು ಮಿದುಳಿಗೆ ಹೋಗುವುದಿಲ್ಲ.

ಆದರೂ ಈ ಮಾತಿನ ಹಿಂದೆ ಒಂದು ಎಳೆ ಸತ್ಯ ಇದೆ. ನೆಲಕ್ಕೆ ಹತ್ತಿರ ಬೆಳೆಯುವ, ಪದರ ಪದರವಾಗಿರುವ ತರಕಾರಿಗೆ ಕೊಳಚೆ ನೀರು ತಾಕಿದರೆ ಮೊಟ್ಟೆ ಮಡಿಕೆಗಳಲ್ಲಿ ಕೂರಬಹುದು. ಕೋಸಿಗೆ ಮಾತ್ರವಲ್ಲ, ಕೊತ್ತಂಬರಿ, ಕ್ಯಾರೆಟ್, ಮೂಲಂಗಿ, ಸೌತೆ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಬೇಯಿಸಿದರೆ ಮೊಟ್ಟೆ ಸಾಯುತ್ತದೆ, ವಿಡಿಯೋದಲ್ಲಿ ಹೇಳುವುದು ಸುಳ್ಳು. ಹಸಿಯಾಗಿ ತಿನ್ನುವುದನ್ನು ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕು. ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಮೊಟ್ಟೆ ಸತ್ತೇ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಕೆಲಸ ಮಾಡುವುದು ಉಜ್ಜಿ ತೊಳೆಯುವುದು ಮತ್ತು ಬೆಂಕಿ.

ತಲೆಯೊಳಗೆ ಏನು ನಡೆಯುತ್ತದೆ

ಮಿದುಳಿಗೆ ಬಂದ ಚೀಲ ಮೊದಮೊದಲು ಏನೂ ಮಾಡುವುದಿಲ್ಲ. ನಮ್ಮ ದೇಹದ ಕಾವಲು ಪಡೆಯ ಕಣ್ಣಿಗೆ ಬೀಳದ ಹಾಗೆ ಅದು ಅಡಗಿರುತ್ತದೆ. ಹೀಗೆ ವರ್ಷಗಳೇ ಕಳೆಯಬಹುದು. ಕೊನೆಗೆ ಚೀಲ ಸೊರಗಿ ಸಾಯಲು ಶುರುವಾದಾಗ ಅದರ ಮರೆ ಹರಿಯುತ್ತದೆ. ಆಗ ದೇಹ ಅದನ್ನು ಗುರುತಿಸಿ ಮೇಲೆ ಬೀಳುತ್ತದೆ. ಸುತ್ತ ಊತ ಬರುತ್ತದೆ. ಆ ಊತ ಮಿದುಳಿನ ವಿದ್ಯುತ್ ಸಂಚಾರವನ್ನು ಕೆದಕುತ್ತದೆ. ಫಿಟ್ಸ್ ಅಂದರೆ ಅದೇ. ಹುಳು ಇದ್ದಷ್ಟು ದಿನ ಸದ್ದಿಲ್ಲ, ಸಾಯುವಾಗ ಗಲಾಟೆ. ಆ ಹುಡುಗನ ಸ್ಕ್ಯಾನಿನ ಉಂಗುರ ಹೀಗೆ ಸಾಯುತ್ತಿರುವ ಚೀಲ, ಒಳಗಿನ ಸಾಸಿವೆ ಅದರ ತಲೆ.

ಈ ಅಂತರ ಎಷ್ಟಿರಬಹುದು ಅನ್ನುವುದು ತಿಳಿದದ್ದು ಭಾರತದಲ್ಲಿ ಕೆಲಸ ಮಾಡಿ ಹಿಂತಿರುಗಿದ ಬ್ರಿಟಿಷ್ ಸೈನಿಕರಿಂದ. ಊರು ಸೇರಿ ವರ್ಷಗಳಾದ ಮೇಲೆ ಅವರಿಗೆ ಮೂರ್ಛೆ ಬರತೊಡಗಿತು. 1930ರ ದಶಕದಲ್ಲಿ ಸೇನೆಯ ವೈದ್ಯರು ಇದರ ಬೆನ್ನು ಹತ್ತಿದರು. 1961ರಲ್ಲಿ ಅಂಥ 450 ಜನರ ವಿವರ ಪ್ರಕಟವಾಯಿತು. ಹೆಚ್ಚಿನವರು ಭಾರತದಲ್ಲಿ ಇದ್ದು ಬಂದವರು.

ನಮ್ಮ ಪಕ್ಕದ ವೆಲ್ಲೂರಿನ ಕೆಲಸವನ್ನೂ ಹೇಳಲೇಬೇಕು. 1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಂದಾಗ ಫಿಟ್ಸ್ ಬಂದ ನಮ್ಮ ಎಷ್ಟೋ ರೋಗಿಗಳ ಮಿದುಳಿನಲ್ಲಿ ಒಂದೇ ಒಂದು ಸಣ್ಣ ಗಂಟು ಕಾಣುತ್ತಿತ್ತು. ಕ್ಷಯದ ಗಂಟಿರಬೇಕು ಅಂತ ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅಂಥ ಗಂಟುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳಗಿದ್ದದ್ದು ಲಾಡಿಹುಳುವಿನ ಮರಿ. 1989ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎಷ್ಟು ಜನ ಬೇಡದ ಔಷಧಿಯಿಂದ ಪಾರಾದರೋ! ಆಮೇಲೆ ಅದೇ ಸೀಮೆಯಲ್ಲಿ ನಡೆದ ಸಮೀಕ್ಷೆಯಲ್ಲಿ, ಮೂರ್ಛೆ ರೋಗ ಇದ್ದವರ ಪೈಕಿ ಸುಮಾರು ಮೂರರಲ್ಲಿ ಒಬ್ಬರಿಗೆ ಕಾರಣ ಇದೇ ಹುಳು ಎಂದು ಕಂಡುಬಂತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ಹತ್ತಿರದಲ್ಲೇ ಇದೆ. ಈ ಹುಳು ನೆಲೆಯೂರಿದ ಹಲವು ಕಡೆ ಮೂರ್ಛೆ ರೋಗದ ಶೇ 30ರಷ್ಟು ಇದರಿಂದಲೇ ಬರುತ್ತದೆ. ಆಹಾರದ ಮೂಲಕ ಹರಡುವ 24 ಪರಜೀವಿಗಳನ್ನು ಅಪಾಯದ ಮೇಲೆ ಸಾಲು ನಿಲ್ಲಿಸಿದ 2014ರ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ. ಬೆಂಗಳೂರಿನ ನಿಮ್ಹಾನ್ಸ್ ಸುತ್ತಮುತ್ತಲ ನಗರ ಮತ್ತು ಹಳ್ಳಿಗಳಲ್ಲಿ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಜನರಿಗೆ ಮೂರ್ಛೆ ರೋಗ ಇತ್ತು. ಹಳ್ಳಿಯಲ್ಲಿ 11.9, ಪಟ್ಟಣದಲ್ಲಿ 5.7. ಎಲ್ಲವೂ ಹುಳುವಿನಿಂದ ಅಂತಲ್ಲ, ಮೂರ್ಛೆಗೆ ಬೇರೆ ಕಾರಣಗಳು ಬಹಳ ಇವೆ.

ಚಿಕಿತ್ಸೆ ಇದೆ, ಎಷ್ಟೋ ಜನ ಪೂರ್ತಿ ಗುಣವಾಗುತ್ತಾರೆ. ಒಂದೇ ಚೀಲ ಇದ್ದರೆ ಅನೇಕ ಸಲ ಕೆಲವು ತಿಂಗಳಲ್ಲಿ ತಾನೇ ಕರಗುತ್ತದೆ. ಅಲ್ಲಿಯವರೆಗೆ ಫಿಟ್ಸ್ ತಡೆಯುವ ಮಾತ್ರೆ ಬೇಕು. ಹುಳು ಕೊಲ್ಲುವ ಆಲ್ಬೆಂಡಜೋಲ್ ಕೊಡಬೇಕೋ ಬೇಡವೋ, ಎಷ್ಟು ದಿನ ಅನ್ನುವುದನ್ನು ಸ್ಕ್ಯಾನ್ ನೋಡಿ ವೈದ್ಯರೇ ಹೇಳಬೇಕು. ಚೀಲ ಸಾಯುವಾಗ ಊತ ಬರುತ್ತದೆ ಅಂತ ಮೇಲೆ ಹೇಳಿದೆನಲ್ಲ, ಒಮ್ಮೆಗೇ ಕೊಂದರೆ ಅದು ಏರುತ್ತದೆ, ಅದಕ್ಕೇ ಊತ ಇಳಿಸುವ ಸ್ಟೆರಾಯ್ಡನ್ನೂ ಜೊತೆಗೆ ಕೊಡುತ್ತಾರೆ. ಕಣ್ಣಿನಲ್ಲಿ ಚೀಲ ಇದೆಯಾ ಅಂತಲೂ ಮೊದಲು ನೋಡುತ್ತಾರೆ. ಆದ್ದರಿಂದ ಫಿಟ್ಸ್ ಬಂದವರು ಮೆಡಿಕಲ್ ಶಾಪಿನಿಂದ ಜಂತುಹುಳುವಿನ ಮಾತ್ರೆ ತಂದು ತಾವೇ ನುಂಗಬಾರದು.

ಎದುರಿಗೆ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ತುರುಕಬೇಡಿ, ಬಾಯಿಗೆ ಚಮಚ ಹಾಕಬೇಡಿ, ಬಿಗಿಯಾಗಿ ಹಿಡಿಯಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ.

ಒಂದು ಉಡುಗೊರೆಯ ಹಂದಿಗಳು

ಈ ಹುಳು ಹೊಸ ನೆಲಕ್ಕೆ ಕಾಲಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಪಾಪುವಾದ ಘಟನೆಗಿಂತ ಬೇರೆ ಉದಾಹರಣೆ ಬೇಡ. ನ್ಯೂಗಿನಿ ದ್ವೀಪದ ಪಶ್ಚಿಮ ಭಾಗ, ಪಾನಿಯಾಯಿ ಸರೋವರಗಳ ಬೆಟ್ಟಸೀಮೆ. ಅಲ್ಲಿನ ಎಕಾರಿ ಜನರಿಗೆ ಹಂದಿ ಅಂದರೆ ಸಂಪತ್ತು. ಮದುವೆಗೆ, ಹಬ್ಬಕ್ಕೆ, ಸಾವಿಗೆ ಹಂದಿ ಬೇಕು. 1970ರ ಸುಮಾರಿಗೆ ಇಂಡೋನೇಷ್ಯಾ ಸರ್ಕಾರ ಬಾಲಿ ದ್ವೀಪದಿಂದ ಹಂದಿಗಳನ್ನು ತಂದು ಅವರಿಗೆ ಉಡುಗೊರೆ ಕೊಟ್ಟಿತು. ಅವುಗಳ ಮೈಯಲ್ಲಿ ಚೀಲಗಳಿದ್ದವು. ಆ ಸೀಮೆ ಅದುವರೆಗೆ ಈ ಹುಳುವನ್ನು ಕಂಡಿರಲಿಲ್ಲ.

ಕೆಲವೇ ವರ್ಷಗಳಲ್ಲಿ ಅಲ್ಲಿನ ಸಣ್ಣ ಆಸ್ಪತ್ರೆಗೆ ಸುಟ್ಟಗಾಯದವರು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಕೈ ಸುಟ್ಟವರು, ಕಾಲು ಸುಟ್ಟವರು, ಆಳದ ಗಾಯಗಳು. ಬೆಟ್ಟದ ಚಳಿಗೆ ಅಲ್ಲಿನವರು ಗುಡಿಸಲಿನ ನಡುವೆ ಬೆಂಕಿ ಹಾಕಿ ಸುತ್ತ ಮಲಗುತ್ತಾರೆ. ನಿದ್ದೆಯಲ್ಲೇ ಫಿಟ್ಸ್ ಬಂದು ಬೆಂಕಿಗೆ ಉರುಳುತ್ತಿದ್ದರು. ಎಚ್ಚರ ತಪ್ಪಿದ್ದರಿಂದ ಕೈ ಹಿಂದೆಳೆದುಕೊಳ್ಳಲೂ ಆಗುತ್ತಿರಲಿಲ್ಲ. ವೈದ್ಯರು ಮೊದಲು ಎಣಿಸಿದ್ದು ಸುಟ್ಟಗಾಯಗಳನ್ನು. ಆಮೇಲೆ ಮೂರ್ಛೆ, ಕೊನೆಗೆ ಹುಳು ಕಂಡಿತು.

ಕಾಡುಹಂದಿಯಲ್ಲಿ ಇನ್ನೊಂದು ಹುಳು

ಕಾಡುಹಂದಿಯ ಮಾಂಸದ ವಿಷಯದಲ್ಲಿ ಭಯಪಡಬೇಕಾದದ್ದು ಮುಖ್ಯವಾಗಿ ಬೇರೊಂದು ಹುಳುವಿಗೆ. ಹೆಸರು ಟ್ರಿಕಿನೆಲ್ಲಾ. ಕೂದಲಿಗಿಂತ ತೆಳು, ಮಾಂಸಖಂಡದೊಳಗೆ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. 1835ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಪ್ಯಾಜೆಟ್ ಅನ್ನುವ ವೈದ್ಯ ವಿದ್ಯಾರ್ಥಿ ಶವ ಕೊಯ್ಯುವಾಗ ಮಾಂಸದಲ್ಲಿ ಬಿಳಿ ಚುಕ್ಕೆಗಳನ್ನು ಕಂಡು ಇದನ್ನು ಮೊದಲು ಗಮನಿಸಿದ.

ಲಾಡಿಹುಳುವಿಗೆ ಮಲ, ಮಣ್ಣು ಎಲ್ಲ ಬೇಕು. ಟ್ರಿಕಿನೆಲ್ಲಾಗೆ ಬೇಡ. ಅದು ಮಾಂಸದಿಂದ ಮಾಂಸಕ್ಕೆ ದಾಟುತ್ತದೆ. ಇಲಿ, ನರಿ, ಹಂದಿ, ಕರಡಿ, ಒಂದನ್ನೊಂದು ತಿಂದಾಗ ಅಥವಾ ಸತ್ತದ್ದನ್ನು ತಿಂದಾಗ ಹುಳು ಹೊಸ ಮೈ ಸೇರುತ್ತದೆ. ಮನುಷ್ಯ ತಿಂದರೆ ಮೊದಲು ಭೇದಿ, ಆಮೇಲೆ ಜ್ವರ, ರೆಪ್ಪೆ ಊದುವುದು, ಮೈಕೈ ಮುರಿಯುವ ನೋವು. ಜಾಸ್ತಿ ಹುಳು ಹೊಕ್ಕರೆ ಜೀವಕ್ಕೇ ಅಪಾಯ. ಜರ್ಮನಿಯ ಹೆಡರ್ಸ್‌ಲೆಬೆನ್‌ನಲ್ಲಿ 1865ರಲ್ಲಿ ಹಸಿ ಹಂದಿಮಾಂಸ ತಿಂದ 337 ಜನ ಕಾಯಿಲೆ ಬಿದ್ದು 101 ಜನ ಸತ್ತರು. ಮಾಂಸ ಪರೀಕ್ಷೆ ಕಡ್ಡಾಯವಾಗಬೇಕು ಅನ್ನುವ ಕೂಗು ಯುರೋಪಿನಲ್ಲಿ ಎದ್ದದ್ದು ಇಂಥ ಸಾವುಗಳಿಂದ.

ಇವತ್ತಿಗೂ ಅಲ್ಲಿ ಮಾಂಸದ ಚೂರನ್ನು ಪೆಪ್ಸಿನ್ ಅನ್ನುವ ಜೀರ್ಣರಸ ಮತ್ತು ಆಮ್ಲ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ತಿರುಗಿಸುತ್ತಾರೆ. ನಮ್ಮ ಜಠರ ಮಾಡುವ ಕೆಲಸವನ್ನು ಗಾಜಿನ ಪಾತ್ರೆ ಮಾಡುತ್ತದೆ. ಮಾಂಸ ಕರಗುತ್ತದೆ, ಹುಳು ಕರಗುವುದಿಲ್ಲ, ತಳಕ್ಕೆ ಇಳಿಯುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಳಗೇ ಕಟ್ಟಿ, ಇಲಿ ಬರದ ಹಾಗೆ ಸಾಕಿದ ಫಾರ್ಮಿನ ಹಂದಿಗಳಲ್ಲಿ ಈ ಹುಳು ಈಗ ಕಾಣುವುದೇ ಅಪರೂಪ. ಉಳಿದುಕೊಂಡಿರುವುದು ಕಾಡುಪ್ರಾಣಿಗಳಲ್ಲಿ.

2022ರಲ್ಲಿ ಅಮೆರಿಕದ ಒಂದು ಕುಟುಂಬದವರು ಸೇರಿ ಕರಡಿ ಮಾಂಸದ ಕಬಾಬ್ ಮಾಡಿದರು. ಮಾಂಸವನ್ನು 45 ದಿನ ಫ್ರೀಜರಿನಲ್ಲಿ ಇಟ್ಟಿದ್ದರು. ಬಣ್ಣ ಕಪ್ಪಾಗಿದ್ದರಿಂದ ಬೆಂದಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಆರು ಜನಕ್ಕೆ ಕಾಯಿಲೆ ಬಂತು. ಅದರಲ್ಲಿ ಇಬ್ಬರು ಮಾಂಸ ಮುಟ್ಟಿರಲಿಲ್ಲ, ಅದರ ಜೊತೆ ಬೆಂದ ತರಕಾರಿ ತಿಂದಿದ್ದರು ಅಷ್ಟೇ. ಚಳಿ ಸೀಮೆಯ ಪ್ರಾಣಿಗಳಲ್ಲಿರುವ ಟ್ರಿಕಿನೆಲ್ಲಾ ಬಗೆಗಳು ಹೆಪ್ಪುಗಟ್ಟಿದರೂ ಸಾಯುವುದಿಲ್ಲ.

ಭಾರತದಲ್ಲಿ ಇದು ಅಪರೂಪ. ಆದರೆ ಉತ್ತರಾಖಂಡದ ಗಢವಾಲ್ ಸೀಮೆಯಲ್ಲಿ ಕಾಡುಹಂದಿ ಮಾಂಸದ ಊಟದಿಂದ ಬಹಳ ಜನ ಒಮ್ಮೆಗೇ ಕಾಯಿಲೆ ಬಿದ್ದದ್ದು ದಾಖಲಾಗಿದೆ. ಅನುಮತಿ ಇಲ್ಲದೆ ಕಾಡುಹಂದಿ ಬೇಟೆಯಾಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಅನ್ನುವುದು ಒಂದು ಕಡೆ. ಕದ್ದು ತಂದ ಮಾಂಸವನ್ನು ಯಾವ ವೈದ್ಯರೂ ಪರೀಕ್ಷೆ ಮಾಡಿರುವುದಿಲ್ಲ ಅನ್ನುವುದು ಇನ್ನೊಂದು ಕಡೆ. ಬಯಲಿನಲ್ಲಿ ಬೆಂಕಿ ಹಾಕಿ ಸುಟ್ಟ ತುಂಡು ಹೊರಗೆ ಕರಿದಾಗಿ ಒಳಗೆ ಹಸಿಯಾಗೇ ಇರುತ್ತದೆ, ಅಲ್ವಾ?

ಫಾರ್ಮಿನ ಹಂದಿ, ಬೀದಿಯ ಹಂದಿ

ಹಂದಿ ಸಾಕುವವರನ್ನು ದಿನಾ ಕಾಡುವುದು ಇವೆರಡೂ ಅಲ್ಲ, ದುಂಡು ಜಂತುಹುಳು. ಹೆಣ್ಣು ಹುಳು ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಹಾಕುತ್ತದೆ. ಮೊಟ್ಟೆ ಕೊಟ್ಟಿಗೆಯ ನೆಲದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮರಿಗಳು ಪಿತ್ತಜನಕಾಂಗದ ಮೂಲಕ ಹಾದು ಹೋಗುತ್ತವೆ. ಹಾಲು ಚೆಲ್ಲಿದ ಹಾಗೆ ಬಿಳಿ ಕಲೆ ಇರುವ ಲಿವರ್ ಕಂಡರೆ ಅದೇ ಗುರುತು. ಹಂದಿ ಮೇವು ತಿನ್ನುತ್ತದೆ, ಮೈ ಹಿಡಿಯುವುದಿಲ್ಲ. ಕಾಡುಹಂದಿಗಳಲ್ಲಿ ಎರೆಹುಳುವಿನ ಮೂಲಕ ಬರುವ ಶ್ವಾಸಕೋಶದ ಹುಳುವೂ ಸಾಮಾನ್ಯ. ಮಣ್ಣು ಕೆದಕಿ ಎರೆಹುಳು ತಿನ್ನುವ ಪ್ರಾಣಿಗೆ ಅದು ತಪ್ಪಿದ್ದಲ್ಲ. ಸಿಮೆಂಟಿನ ನೆಲ, ತೊಳೆಯುವ ನೀರು, ಪಶುವೈದ್ಯರು ಹೇಳಿದ ಹೊತ್ತಿಗೆ ಔಷಧಿ, ಫಾರ್ಮಿಗೆ ಇಷ್ಟು ಬೇಕೇ ಬೇಕು.

ಲಾಡಿಹುಳುವಿನ ವಿಷಯದಲ್ಲಿ ಕಟ್ಟಿ ಸಾಕಿದ ಹಂದಿಗೂ ಅಲೆಯುವ ಹಂದಿಗೂ ಅಜಗಜಾಂತರ. ಮನುಷ್ಯನ ಮಲ ಬಾಯಿಗೆ ಸಿಗದ ಹಂದಿಗೆ ಈ ಚೀಲ ಬರುವುದೇ ಇಲ್ಲ. ಗೋವೆಯಲ್ಲಿ ಹಿಂದೆ ಕಕ್ಕಸಿನ ಹಿಂಬದಿಯೇ ಹಂದಿಯ ಗೂಡಿಗೆ ತೆರೆದುಕೊಳ್ಳುತ್ತಿತ್ತು. ಹುಳುವಿಗೆ ಅದಕ್ಕಿಂತ ಹತ್ತಿರದ ದಾರಿ ಇರಲಿಲ್ಲ. ನಮ್ಮ ಊರುಗಳಲ್ಲಿ ಚರಂಡಿ, ಕಸದ ಗುಂಡಿ, ಬಯಲು ಇದೇ ಕೆಲಸ ಮಾಡುತ್ತವೆ. ಹಂದಿ ಸಾಕುವವರನ್ನು ದೂರುವುದು ಸುಲಭ. ಆದರೆ ಹಂದಿಗೆ ಹುಳು ಕೊಟ್ಟದ್ದು ಮನುಷ್ಯ, ಅವನಿಗೆ ಸರಿಯಾದ ಕಕ್ಕಸು ಇರಲಿಲ್ಲ.

ಹಳ್ಳಿಯ ವ್ಯಾಪಾರಿಗಳು ಹಂದಿ ಕೊಳ್ಳುವಾಗ ನಾಲಿಗೆ ನೋಡುವ ಪದ್ಧತಿ ಹಲವು ದೇಶಗಳಲ್ಲಿದೆ. ಹಂದಿಯನ್ನು ಕೆಡವಿ, ಬಾಯಿಗೆ ಅಡ್ಡ ಕೋಲಿಟ್ಟು, ಬಟ್ಟೆಯಲ್ಲಿ ನಾಲಿಗೆ ಹಿಡಿದು ಎಳೆದು, ಕೆಳಭಾಗವನ್ನು ಬೆರಳಿನಿಂದ ಸವರುತ್ತಾರೆ. ಚೀಲ ಇದ್ದರೆ ಕಾಳಿನ ಹಾಗೆ ಕೈಗೆ ಸಿಗುತ್ತದೆ. ಕೈಗೆ ಸಿಕ್ಕರೆ ಹುಳು ಖಂಡಿತ, ಸಿಗದಿದ್ದರೆ ಇಲ್ಲ ಅಂತ ಹೇಳಲಾಗುವುದಿಲ್ಲ. ಸ್ವಲ್ಪವೇ ಚೀಲ ಇರುವ ಹಂದಿ ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ.

ಒಲೆಯ ಮುಂದೆ

ಕೊಡಗಿನ ಮನೆಗಳಲ್ಲಿ ಪಂದಿ ಕರಿ ಮಾಡುವ ರೀತಿಗೆ ಯಾವ ಹುಳುವೂ ಉಳಿಯುವುದಿಲ್ಲ. ಸಣ್ಣ ತುಂಡು, ಸಣ್ಣ ಉರಿ, ಬಹಳ ಹೊತ್ತು. ಕಾಚಂಪುಳಿ ಅನ್ನುವ ಹುಳಿ ಹಾಕುವ ಹೊತ್ತಿಗೆ ಮಾಂಸ ಬೆರಳಿನಲ್ಲಿ ಬಿಡುವಷ್ಟು ಬೆಂದಿರುತ್ತದೆ. ಹುಳು ಕೊಲ್ಲುವುದು ಕಾಚಂಪುಳಿಯಲ್ಲ, ಆ ಬೇಯುವಿಕೆ. ತೊಂದರೆ ಇರುವುದು ದಪ್ಪ ತುಂಡನ್ನು ಕೆಂಡದಲ್ಲಿ ಸುಡುವಾಗ, ಕೀಮಾದ ಕಬಾಬ್ ಮಾಡುವಾಗ. ಅಡುಗೆಯ ಥರ್ಮಾಮೀಟರ್ ಇದ್ದರೆ ತುಂಡಿನ ನಟ್ಟನಡುವೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲಿ. ಇಲ್ಲದಿದ್ದರೆ ಕತ್ತರಿಸಿ ನೋಡಿ, ಒಳಗೆ ಗುಲಾಬಿ ಬಣ್ಣ ಇರಬಾರದು, ಕೆಂಪು ರಸ ಬರಬಾರದು. ಹಸಿಮಾಂಸ ಕತ್ತರಿಸಿದ ಮಣೆ, ಚಾಕು ತೊಳೆಯದೆ ಸೌತೆಕಾಯಿ ಹೆಚ್ಚಬಾರದು. ಲಾಡಿಹುಳುವಿನ ಚೀಲ ಮಾತ್ರ ಹೆಪ್ಪಿಗೆ ಸಾಯುತ್ತದೆ: ಸೊನ್ನೆಗಿಂತ 15 ಡಿಗ್ರಿ ಕೆಳಗೆ ಮೂರು ದಿನ. ಕಾಡುಮಾಂಸಕ್ಕೆ ಈ ಲೆಕ್ಕ ನಂಬಬೇಡಿ.

ಸುತ್ತನ್ನು ಎಲ್ಲಿ ಕಡಿಯಬೇಕು

ಸುತ್ತು ಅಂದಮೇಲೆ ಎಲ್ಲಿ ಕಡಿದರೂ ನಿಲ್ಲಬೇಕು. ಪೆರು ದೇಶದ ಉತ್ತರದ ತುಂಬೆಸ್ ಪ್ರಾಂತ್ಯದಲ್ಲಿ ಇದನ್ನು ಮಾಡಿ ತೋರಿಸಿದರು. ಜನರಿಗೂ ಹಂದಿಗೂ ಒಟ್ಟಿಗೇ ಔಷಧಿ, ಹಂದಿಗಳಿಗೆ ಲಸಿಕೆ. ಕೊನೆಯ ಹಂತದಲ್ಲಿ ಸೇರಿದ್ದು 107 ಹಳ್ಳಿ, 81,170 ಜನ, 55,638 ಹಂದಿ. ಮುಗಿದ ಮೇಲೆ 342 ಹಂದಿಗಳನ್ನು ಕೊಯ್ದು ಮಾಂಸವನ್ನು ತೆಳುವಾಗಿ ಸೀಳಿ ಸೀಳಿ ನೋಡಿದರು. ಜೀವಂತ ಚೀಲ ಸಿಕ್ಕಿದ್ದು 3ರಲ್ಲಿ. 105 ಹಳ್ಳಿಗಳಲ್ಲಿ ಒಂದೂ ಸಿಗಲಿಲ್ಲ. 2016ರಲ್ಲಿ ಈ ವರದಿ ಬಂದಾಗ, ಈ ಹುಳುವನ್ನು ಒಂದು ಇಡೀ ಸೀಮೆಯಲ್ಲಿ ತಡೆಯಬಹುದು ಅನ್ನುವುದಕ್ಕೆ ಮೊದಲ ದೊಡ್ಡ ಪುರಾವೆ ಸಿಕ್ಕಿತು.

ಹಂದಿಯ ಲಸಿಕೆಯ ಮೂಲ ಸಂಶೋಧನೆ ನಡೆದದ್ದು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ, ಮಾರ್ಷಲ್ ಲೈಟೌಲರ್ಸ್ ಅವರ ತಂಡದಿಂದ. ಅದನ್ನು ಮಾರುಕಟ್ಟೆಗೆ ತಯಾರಿಸುತ್ತಿರುವುದು ನಮ್ಮ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್, ಸಿಸ್‌ವ್ಯಾಕ್ಸ್ ಅನ್ನುವ ಹೆಸರಿನಲ್ಲಿ. ಕೆಲವು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಲಸಿಕೆ ಮುಂದೆ ಬರುವ ಮೊಟ್ಟೆಯನ್ನು ತಡೆಯುತ್ತದೆ. ಈಗಾಗಲೇ ಮೈಯಲ್ಲಿರುವ ಚೀಲ ಕೊಲ್ಲಲು ಆಕ್ಸ್‌ಫೆಂಡಜೋಲ್ ಔಷಧಿಯನ್ನು ಜೊತೆಗೆ ಕೊಡಬೇಕು.

ಕಷ್ಟ ಇರುವುದು ದುಡ್ಡಿನಲ್ಲಿ. ಚೀಲ ತುಂಬಿದ ಹಂದಿಯೂ ಸಾಮಾನ್ಯವಾಗಿ ಓಡಾಡಿಕೊಂಡು, ತಿಂದುಕೊಂಡು, ಮೈ ತುಂಬಿಕೊಂಡೇ ಇರುತ್ತದೆ. ಸಾಕುವವರ ಕಣ್ಣಿಗೆ ಕಾಯಿಲೆ ಕಾಣುವುದಿಲ್ಲ, ತೂಕವೂ ಕಡಿಮೆಯಾಗುವುದಿಲ್ಲ. ನಾಲ್ಕೈದು ಹಂದಿ ಇಟ್ಟುಕೊಂಡ ಬಡ ಮನೆಯವರು ಕಾಣದ ಕಾಯಿಲೆಗೆ ಕೈಯಿಂದ ಖರ್ಚು ಮಾಡಲಿ ಅಂತ ಹೇಗೆ ಕೇಳುವುದು? ಲಾಭ ಆಗುವುದು ಎಲ್ಲೋ ಶಾಲೆಯಲ್ಲಿ ಕೂತ, ಆ ಹಂದಿಯನ್ನು ಯಾವತ್ತೂ ನೋಡದ ಹನ್ನೆರಡು ವರ್ಷದ ಹುಡುಗನಿಗೆ. ಕಾಲುಬಾಯಿ ಜ್ವರಕ್ಕೆ ದನಗಳಿಗೆ ಸರ್ಕಾರವೇ ಮನೆಬಾಗಿಲಿಗೆ ಬಂದು ಲಸಿಕೆ ಹಾಕಿಸುವ ಹಾಗೆ, ಈ ಚುಚ್ಚುಮದ್ದಿನ ಖರ್ಚನ್ನೂ ಹಂದಿಯ ಒಡೆಯನ ಮೇಲೆ ಹಾಕದೆ ಸಾರ್ವಜನಿಕ ಹಣದಿಂದಲೇ ಕೊಡಬೇಕು ಅಂತ ನನಗೆ ಅನ್ನಿಸುವುದು ಇದಕ್ಕೇ.